ಕಾಶೆವ್ವನ ಮೂರು ಗುಂಡು

ಕೌಜಲಗಿಯಿಂದ ಕುಲಗೋಡಕ್ಕೆ ಹೋಗುವ ಬಂಡಿದಾರಿಯಲ್ಲಿ ಹಳ್ಳ ದಾಟಿ ಎಡಕ್ಕೆ ಹೊರಳಿದರೆ ನಮ್ಮೂರು. ಆ ಊರಿನ ಚಾವಡಿಗೆ ನಾನು ಇಪ್ಪತ್ತಾರು ವರ್ಷ ವಾಲಿಕಾರನಾಗಿದ್ದೆ. ವಾಲಿಕಾರ ಅಂದರೆ ಗೌಡರು ಕೂಗಿದಾಗ ಓಡಿ ಬರುವವನು, ಊರವರಿಗೆ ಯಾರನ್ನಾದರೂ ಬೈಯಬೇಕು ಅನ್ನಿಸಿದಾಗ ಮೊದಲು ಕೈಗೆ ಸಿಗುವವನು. ತಪ್ಪು ಮಾಡಿ ಬೈಸಿಕೊಂಡಿದ್ದೇನೆ, ಮಾಡದೆಯೂ ಬೈಸಿಕೊಂಡಿದ್ದೇನೆ. ಗುರಿ ಸರಿಯಾಗಿ ಹೊಡೆದದ್ದಕ್ಕೆ ಇಡೀ ಊರಿನಿಂದ ಬೈಸಿಕೊಂಡದ್ದು ಮಾತ್ರ ಒಂದೇ ಸಲ.

ಅದು ಮೂವತ್ನಾಲ್ಕನೇ ಇಸವಿಯ ಮಾತು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಮರುದಿನ ನಮ್ಮ ಬೇಡರ ಓಣಿಯವರು ಮೊಲದ ಬೇಟೆಗೆ ಹೋಗುವುದು ರೂಢಿ. ಬಂದೂಕು ನಮಗೆ ಎಲ್ಲಿಂದ ಬರಬೇಕು? ಜಾಲಿಯ ಬೇರಿನಿಂದ ಮಾಡಿದ, ಮೊಣಕೈಯಂತೆ ಬಾಗಿದ ಬಡಿಗೆಯನ್ನು ಬೀಸಿ ಎಸೆಯುತ್ತೇವೆ. ಅದು ನೆಲದ ಮೇಲೆ ಮೊಳದೆತ್ತರದಲ್ಲಿ ಗಿರ್ರನೆ ತಿರುಗುತ್ತ ಹೋಗಿ ಓಡುವ ಮೊಲದ ಕಾಲಿಗೆ ಬಡಿಯುತ್ತದೆ. ಯಾರ ಬಡಿಗೆ ಮೊದಲು ತಾಗಿತೋ ಮೊಲ ಅವನದು. ಅದಕ್ಕೆಂದೇ ಪ್ರತಿಯೊಂದು ಬಡಿಗೆಯ ಮೇಲೂ ಒಡೆಯನ ಗುರುತು ಸುಟ್ಟಿರುತ್ತದೆ. ನನ್ನದಕ್ಕೆ ಮೂರು ಗೆರೆ. ಅದು ನಮ್ಮಪ್ಪನ ಕೈಯ ಬಡಿಗೆ, ಹಿಡಿದು ಹಿಡಿದು ನುಣುಪಾಗಿತ್ತು.

ಆ ವರ್ಷ ಬಾಜೂ ಊರಿನವರೂ ಅದೇ ದಿಕ್ಕಿಗೆ ಬಂದಿದ್ದರು. ಸೀಮೆಯ ಕಲ್ಲಿನ ಹತ್ತಿರ ಒಂದು ಮೊಲ ಬಿತ್ತು. ಪಕ್ಕದಲ್ಲಿ ಎರಡು ಬಡಿಗೆ, ಒಂದು ನನ್ನದು, ಇನ್ನೊಂದು ಆ ಊರಿನ ಖಂಡೆಪ್ಪನದು. ನನ್ನದು ಮೊದಲು ಅಂತ ನಾನು, ತನ್ನದು ಮೊದಲು ಅಂತ ಅವನು. ಬಾಯಿಯಿಂದ ಶುರುವಾದದ್ದು ಬಡಿಗೆಗೆ ಬಂತು, ಬಡಿಗೆ ಮುಗಿದ ಮೇಲೆ ಕೆಲವರು ಸೊಂಟದಲ್ಲಿದ್ದ ಕವಣೆ ಬಿಚ್ಚಿ ಕಲ್ಲು ಬೀಸಿದರು. ಕೊನೆಗೆ ಆ ಊರಿನ ಗೌಡರ ಮುಂದಿನ ಎರಡು ಹಲ್ಲು ಬಿದ್ದವು. ಯಾರು ಬೀಳಿಸಿದರೆಂದು ನನಗೆ ಗೊತ್ತು, ಹೇಳುವುದಿಲ್ಲ. ಮೊಲ ಮಾತ್ರ ಆ ಗದ್ದಲದಲ್ಲಿ ಎದ್ದು ಓಡಿ ಹೋಗಿತ್ತು.

ಹಲ್ಲು ಬಿದ್ದವರು ಸುಮ್ಮನೆ ಕೂಡುತ್ತಾರೆಯೇ? ಅರ್ಜಿ ಹೋಯಿತು, ಹದಿನೈದು ದಿನದಲ್ಲಿ ಮೇಲಿನಿಂದ ಕಾಗದ ಬಂತು. ಎಸೆಯುವ ಆಯುಧಗಳನ್ನೆಲ್ಲ ಚಾವಡಿಯಲ್ಲಿ ಜಮಾ ಮಾಡಿ ಯಾದಿ ಬರೆದಿಡಬೇಕು, ಸಾಹೇಬರು ಖುದ್ದಾಗಿ ಬಂದು ನೋಡಿ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಅಂತ ಠರಾಯಿಸುತ್ತಾರೆ ಎಂದು ಅದರಲ್ಲಿತ್ತು. ನಮ್ಮ ದುಂಡಪ್ಪಗೌಡರು ಹುಲಿ ಎದುರಿಗೆ ಬಂದರೂ ನಿಂತು ನೋಡುವ ಮನುಷ್ಯ, ಆದರೆ ಮೊಹರು ಒತ್ತಿದ ಕಾಗದ ಕಂಡರೆ ಎದ್ದು ಕೈಮುಗಿಯುತ್ತಿದ್ದರು. ಅವರು ಆ ಕಾಗದವನ್ನು ಮೂರು ಸಲ ಓದಿದರು, ಪ್ರತಿ ಸಲ ಓದಿದಾಗಲೂ ಅವರ ಯಾದಿ ಬೆಳೆಯಿತು.

“ಕೈಯಿಂದ ಹಾರಿ ಹೋಗಿ ಮಂದಿಗೆ ಬಡಿಯೂದೆಲ್ಲಾ ಆಯುಧಾನ,” ಎಂದರು. “ಬಡಿಗಿ, ಭರ್ಚಿ, ಕವಣಿ, ಒಂದೂ ಬಿಡಬ್ಯಾಡ, ಎಲ್ಲಾ ತಗೊಂಡ ಬಾ.”

“ಹಂಗಾದ್ರ ದುರ್ಗಪ್ಪನ ಹೆಂಡ್ತಿ ಸೌಟೂ ಬರಕೋರಿ ಗೌಡ್ರ,” ಎಂದ ಕಿರಾಣಿ ಅಂಗಡಿಯ ಉದ್ದಪ್ಪ. ಚಾವಡಿಯೆಲ್ಲ ನಕ್ಕಿತು. ದುರ್ಗಪ್ಪ ಅಂದರೆ ನಾನೇ. ನನ್ನ ಹೆಂಡತಿ ಇಂದ್ರವ್ವ ಎಸೆದ ಸೌಟಿನ ಗುರುತು ನನ್ನ ಎಡಹುಬ್ಬಿನ ಮೇಲಿತ್ತು, ಅದನ್ನು ಊರಿಗೆಲ್ಲ ತೋರಿಸಿದವನೂ ನಾನೇ.

ಮೊದಲು ನನ್ನ ಬಡಿಗೆಯನ್ನು ಚಾವಡಿಯ ಮೂಲೆಗಿಟ್ಟೆ. ಗೌಡರ ಮನೆಯ ಗೋಡೆಯಲ್ಲಿ ಅವರ ಮುತ್ತಜ್ಜನ ಭರ್ಚಿ, ಅಂದರೆ ಈಟಿ, ಇತ್ತು. ಅದರ ಮೇಲೆ ರುಮಾಲು ಒಣಹಾಕುತ್ತಿದ್ದರು, ಅದೂ ಬಂತು. ಉಳಿದದ್ದು ಹೊಲಗಳ ಕವಣೆಗಳು. ಅಲ್ಲಿಯೇ ಬಂತು ನೋಡಿ ಪೇಚು.

ಜೋಳ ಹಾಲುಗಾಳಿನ ಹದಕ್ಕೆ ಬಂದಿತ್ತು. ಈ ಇಪ್ಪತ್ತು ದಿನ ಹೊಲದಲ್ಲಿ ಅಟ್ಟ ಕಟ್ಟಿ, ಬೆಳಗಿನಿಂದ ಸಂಜೆಯತನಕ ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯದಿದ್ದರೆ ಬೆಳೆ ರೈತನದಲ್ಲ, ಗಿಳಿಗಳದು. ಊರಿಗೆಲ್ಲ ಮೊದಲು ಬಿತ್ತಿದವಳು ಕಾಶೆವ್ವ, ಹಾಗಾಗಿ ಮೊದಲು ಹಾಲು ತುಂಬಿದ್ದೂ ಅವಳ ಹೊಲವೇ. ಐವತ್ತು ದಾಟಿದ ಹೆಂಗಸು. ಗಂಡ ವೀರಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು. ಹಿಂದಿನ ಮಳೆಗಾಲದಲ್ಲಿ ನೆಲದಡಿ ಜೋಳ ತುಂಬಿಟ್ಟ ಹಗೇವಿನೊಳಗೆ ನೀರಿಳಿದು ಕಾಳೆಲ್ಲ ಕೊಳೆತಿತ್ತು. ಮನೆಯಲ್ಲಿ ಉಳಿದದ್ದು ಎರಡು ಗಡಿಗೆ ಜೋಳ. ಅರಭಾವಿಗೆ ಕೊಟ್ಟ ಮಗಳು ಬಾಳವ್ವ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಬಾಣಂತಿಗೆ ರೊಟ್ಟಿ ಬೇಯಬೇಕಾದರೆ ಆ ನಾಲ್ಕು ಎಕರೆ ಜೋಳ ಉಳಿಯಬೇಕು, ಬೇರೆ ದಾರಿಯಿಲ್ಲ.

ನಾನು ಹೋದಾಗ ಅಟ್ಟದ ಮೇಲೆ ಸೆರಗು ಬಿಗಿದು ನಿಂತಿದ್ದಳು. ಪುಂಡಿ ನಾರಿನಿಂದ ತಾನೇ ಹೆಣೆದ ಕವಣೆ, ಎಣ್ಣೆ ತಿಂದು ಕಪ್ಪಾಗಿತ್ತು. ಬೇರೆಯವರು ಕಲ್ಲು ಬೀಸುತ್ತಾರೆ. ಕಲ್ಲು ಹೊಲದಲ್ಲಿ ಉಳಿದು ಕುಂಟೆಗೆ ಸಿಗುತ್ತದೆಂದು ಅವಳು ಎರೆಮಣ್ಣಿನ ಗುಂಡು ಮಾಡಿ ಬಿಸಿಲಿಗೆ ಒಣಗಿಸಿ, ಬುಟ್ಟಿ ತುಂಬ ಇಟ್ಟುಕೊಳ್ಳುತ್ತಿದ್ದಳು. ಅವಳ ಗುರಿಯನ್ನು ನೋಡಿ ನನ್ನಂಥ ಬೇಟೆಗಾರನಿಗೂ ಹೊಟ್ಟೆಕಿಚ್ಚು. ಗಿಳಿ ಕೂತ ತೆನೆಯಿಂದ ಸರಿಯಾಗಿ ಒಂದು ಗೇಣು ಎಡಕ್ಕೆ ಗುಂಡು ಹಾಯುತ್ತಿತ್ತು, ಗಿಳಿ ಹಾರುತ್ತಿತ್ತು, ತೆನೆ ಅಲುಗುತ್ತಿರಲಿಲ್ಲ. ಒಮ್ಮೆ ಕೇಳಿದ್ದೆ, ಇಷ್ಟು ಗುರಿ ಇಟ್ಟುಕೊಂಡು ಒಂದಾದರೂ ಬೆಳವನ ಹಕ್ಕಿ ಕೆಡವಬಾರದೇ ಎಂದು. ಕೊರಳಿನ ಲಿಂಗ ಮುಟ್ಟಿಕೊಂಡು ನನ್ನನ್ನು ದುರುಗುಟ್ಟಿ ನೋಡಿದ್ದಳು. “ಹೊಟ್ಟಿಗೆ ಹುಡಿಕ್ಯಾಡಿ ಬಂದದ್ದನ್ನ ಕೊಲ್ಲೂದೇನು? ಹೆದರಿಸಿದ್ರ ಸಾಕು. ಗುಂಡು ತೆನಿಗೆ ಬಡದ್ರ ಉದರೂದು ನನ್ನ ಕಾಳ ಅಲ್ಲೇನೋ?”

ಅಂಥವಳ ಮುಂದೆ ನಿಂತು ಕೈಯೊಡ್ಡಬೇಕು. “ಅವ್ವಾರ, ಕವಣಿ ಕೊಡಬೇಕಂತ್ರಿ. ಸರಕಾರದ ಕಾಗದ ಬಂದೈತಿ.”

“ಸರಕಾರ ಬಂದು ಹಕ್ಕಿ ಓಡಸತೈತೇನು?”

“ಅದನ್ನ ಕಾಗದದಾಗ ಬರದಿಲ್ರಿ.”

ಅಟ್ಟದಿಂದ ಇಳಿದಳು. ಕವಣೆಯನ್ನು ಸುತ್ತಿ ನನ್ನ ಕೈಯಲ್ಲಿಟ್ಟು, “ಎಷ್ಟ ದಿನಾ?” ಎಂದಳು. ಗೊತ್ತಿಲ್ಲ ಎಂದೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅದೇ ನನ್ನನ್ನು ಸುಟ್ಟಿತು.

ಎಂಟು ದಿನ ಊರಿನ ಕವಣೆಗಳೆಲ್ಲ ಚಾವಡಿಯ ಮೂಲೆಯಲ್ಲಿ ಬಿದ್ದಿದ್ದವು. ಕಾಶೆವ್ವ ಎಣ್ಣೆಯ ಡಬ್ಬಿ ಬಡಿದಳು. ಮೊದಲ ದಿನ ಗಿಳಿಗಳು ಹೆದರಿದವು, ಮೂರನೆಯ ದಿನ ಡಬ್ಬಿಯ ಸದ್ದಿಗೆ ತಲೆಯೆತ್ತಿಯೂ ನೋಡಲಿಲ್ಲ. ಕೂಗಿ ಕೂಗಿ ಅವಳ ಗಂಟಲು ಹೋಯಿತು. ನಾಲ್ಕು ಎಕರೆಯ ಬದುವಿನ ಮೇಲೆ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು, ಈ ತುದಿಗೆ ಬಂದರೆ ಹಿಂಡು ಆ ತುದಿಯಲ್ಲಿ ಕೂತಿರುತ್ತಿತ್ತು. ಎಂಟನೆಯ ದಿನ ಚಾವಡಿಗೆ ಬಂದು ಒಂದು ಮಡಿಲು ತೆನೆಯನ್ನು ಗೌಡರ ಮುಂದೆ ಸುರುವಿದಳು. ಎಲ್ಲವೂ ಖಾಲಿ, ಬರೀ ಹೊಟ್ಟು.

“ಗೌಡ್ರ, ಇನ್ನೊಂದ ಎಂಟು ದಿನಾ ಹಿಂಗಾದ್ರ ನನ್ನ ಮಗಳಿಗೆ ಇದನ್ನ ಬೇಯಿಸಿ ಹಾಕ್ತೇನಿ,” ಎಂದಳು. ದನಿಯೇ ಹೊರಡುತ್ತಿರಲಿಲ್ಲ.

ಗೌಡರ ಮುಖ ಬಾಡಿತು. ಅವರ ಹೊಲಕ್ಕೂ ಆಗ ಹಕ್ಕಿ ಇಳಿಯತೊಡಗಿದ್ದವು. ಯಾದಿ ಬರೆದು ಕಳಿಸಿ ಆಗಿತ್ತು, ಬರೆದದ್ದನ್ನು ಅಳಿಸುವ ಧೈರ್ಯ ಅವರಿಗಿರಲಿಲ್ಲ. ಮರುದಿನ ಗುರುವಾರ, ಸಾಹೇಬರು ಬರುವವರಿದ್ದರು. ಅಂದು ರಾತ್ರಿಯೇ ಗೌಡರು ಊರವರನ್ನು ಕೂಡಿಸಿ ಒಂದು ಹಂಚಿಕೆ ಹಾಕಿದರು. ಸಾಹೇಬರು ಎಸೆದು ತೋರಿಸು ಎಂದರೆ ಎಲ್ಲರೂ ತಪ್ಪಿ ಎಸೆಯಬೇಕು. ಯಾರ ಕೈಯಿಂದಲೂ ಏನೂ ತಾಗದಿದ್ದರೆ ಇವು ಆಯುಧವಲ್ಲ, ಆಟದ ಸಾಮಾನು ಅಂತ ಬಿಟ್ಟು ಹೋಗುತ್ತಾರೆ.

“ತಿಳೀತಿಲ್ಲೋ ದುರ್ಗ್ಯಾ? ತಪ್ಪಬೇಕು,” ಎಂದರು ಗೌಡರು.

“ಅದೇನ ದೊಡ್ಡ ಕೆಲಸರಿ,” ಎಂದೆ ನಾನು.

ಗುರುವಾರ ಚಾವಡಿಯ ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ಸಾಹೇಬರು ಕುದುರೆಯ ಮೇಲೆ ಬಂದರು, ಹಿಂದೆ ಗುಮಾಸ್ತ ಮತ್ತು ಕೆಂಪು ಪಟ್ಟೆ ತೊಟ್ಟ ಜವಾನ, ಪಟ್ಟೇವಾಲಾ. ಸಾಹೇಬರು ಧಾರವಾಡದ ಕಡೆಯವರು, ಮಾತು ಕಡಿಮೆ, ಬೇಟೆಯ ಹುಚ್ಚು ಇದ್ದವರು. ಸಾಮಾನಿನ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡಿದರು. ಭರ್ಚಿಯನ್ನು ನೋಡಿ, “ಇದು ಗೌಡರ ರುಮಾಲಿನ ಗೂಟ, ವಾಪಸ್ ಕೊಡ್ರಿ,” ಎಂದರು. ಅದರ ತುದಿಯಲ್ಲಿ ಇನ್ನೂ ರುಮಾಲಿನ ಎಳೆ ಸಿಕ್ಕಿಕೊಂಡಿತ್ತು. ಆಮೇಲೆ ನನ್ನ ಬಡಿಗೆ ಎತ್ತಿದರು. ಕೈಯಲ್ಲಿ ತೂಗಿದರು, ಬಾಗಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು.

“ಭಾಳ ಛಲೋ ಮಾಡ್ಯಾರ. ಯಾರದಿದು?”

“ನಮ್ಮಪ್ಪಂದ್ರಿ,” ಎಂದೆ. ಎದೆಯುಬ್ಬಿತು. ಹಾಳಾದದ್ದು ಅಲ್ಲಿಯೇ.

ಕಟ್ಟೆಯ ಮೇಲೆ, ಸುಣ್ಣದ ಗೋಡೆಗೆ ಮೊಳ ಅಂತರ ಬಿಟ್ಟು, ನಮ್ಮ ಮನೆಯ ಗಡಿಗೆಯೊಂದನ್ನು ತಂದು ಇಟ್ಟರು. ಮೂವತ್ತು ಹೆಜ್ಜೆಯಿಂದ ಎಸೆದು ತೋರಿಸು ಎಂದರು ಸಾಹೇಬರು. ಗೌಡರು ನನ್ನನ್ನೇ ನೋಡುತ್ತಿದ್ದರು. ಕಾಶೆವ್ವ ಹೆಂಗಸರ ಗುಂಪಿನಲ್ಲಿ ನಿಂತಿದ್ದಳು. ತಪ್ಪಬೇಕು, ತಪ್ಪಬೇಕು ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಕೈ ಎತ್ತಿದೆ. ದೇವರಾಣೆ ಮಾಡಿ ಹೇಳುತ್ತೇನೆ, ನನಗೆ ತಪ್ಪುವ ಮನಸ್ಸೇ ಇತ್ತು. ಆದರೆ ಸಾಹೇಬರು ಅಪ್ಪನ ಬಡಿಗೆಯನ್ನು ಹೊಗಳಿದ್ದರು, ಅಪ್ಪ ಕಲಿಸಿದ ಕೈ ನನ್ನ ಮಾತು ಕೇಳಲಿಲ್ಲ. ಬಡಿಗೆ ಗಿರ್ರನೆ ಹೋಯಿತು, ಗಡಿಗೆ ನೂರು ಚೂರಾಯಿತು.

“ಶಾಬ್ಬಾಸ್!” ಎಂದರು ಸಾಹೇಬರು. ಮರುಕ್ಷಣವೇ ಗುಮಾಸ್ತನ ಕಡೆ ತಿರುಗಿ, “ಬಡಿಗಿ, ಆಯುಧ ಅಂತ ಬರೀರಿ. ಕಚೇರಿಗೆ ಹೋಗತೈತಿ,” ಎಂದರು.

ನನ್ನ ಹಿಂದೆ ಊರು ಹಲ್ಲು ಕಡಿದದ್ದು ಕೇಳಿಸಿತು. ಪಟ್ಟೇವಾಲಾ ಅಪ್ಪನ ಬಡಿಗೆಯನ್ನು ಗೋಣಿಚೀಲಕ್ಕೆ ತುರುಕಿದ. ಇಷ್ಟು ದೊಡ್ಡ ಮೀಸೆ ಇಟ್ಟುಕೊಂಡು ಅಳುವುದಕ್ಕೂ ಆಗಲಿಲ್ಲ.

ಆಮೇಲೆ ಕವಣೆಗಳ ಸರದಿ. ಗೌಡರು ಹುಡುಕಿ ಹುಡುಕಿ, ಕಣ್ಣು ಸರಿಯಿಲ್ಲದ ಮುದುಕ ಪರಸಪ್ಪನನ್ನು ತಯಾರು ಮಾಡಿ ನಿಲ್ಲಿಸಿದ್ದರು. ಆದರೆ ಸಾಹೇಬರು ಗುಡ್ಡೆಗೆ ಕೈಹಾಕಿ ಎಣ್ಣೆ ತಿಂದ ಕಪ್ಪು ಕವಣೆಯನ್ನೇ ಎಳೆದರು. “ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದು. ಇದರ ಧಣಿ ಯಾರು?”

ಕಾಶೆವ್ವ ಮುಂದೆ ಬಂದಳು. ಪಟ್ಟೇವಾಲಾ ಕಿಸಕ್ಕನೆ ನಕ್ಕ. “ಈ ಮುದುಕಿ ಏನ ಹೊಡದಾಳ್ರಿ ಸಾಹೇಬ್ರ!”

ನಮ್ಮ ಮನೆಯ ಇನ್ನೊಂದು ಗಡಿಗೆ ಬಂತು. ಇಂದ್ರವ್ವ ದೂರದಿಂದಲೇ ನನಗೆ ಕಣ್ಣಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಕಾಶೆವ್ವ ನಲವತ್ತು ಹೆಜ್ಜೆಗೆ ಹೋಗಿ ನಿಂತಳು. ಮಡಿಲಿನಿಂದ ಒಂದು ಮಣ್ಣಿನ ಗುಂಡು ತೆಗೆದಳು, ತಲೆಯ ಮೇಲೆ ಒಂದು ಸುತ್ತು ಬೀಸಿದಳು. ಚಟ್ ಎಂದಿತು ಕವಣೆ. ಗುಂಡು ಗಡಿಗೆಯ ಎಡಕ್ಕೆ ಹಾಯ್ದು ಗೋಡೆಗೆ ಬಡಿದು ಪುಡಿಯಾಯಿತು. ಊರು ಉಸಿರು ಬಿಟ್ಟಿತು. ಎರಡನೆಯದು, ಅದೂ ಎಡಕ್ಕೆ. ಪಟ್ಟೇವಾಲಾ ಹೊಟ್ಟೆ ಹಿಡಿದು ನಗತೊಡಗಿದ. ಕಾಶೆವ್ವನ ಕಿವಿ ಕೆಂಪಾದದ್ದು ನನಗೆ ಕಂಡಿತು. ನನ್ನ ಹಾಗೆ ಇವಳೂ ಕೆಡುತ್ತಾಳೆ ಅಂದುಕೊಂಡೆ. ಮೂರನೆಯದೂ ಎಡಕ್ಕೇ ಹೋಯಿತು. ಗಡಿಗೆ ಕೂತಲ್ಲೇ ಕೂತಿತ್ತು.

ಗೌಡರು ನಗುಮೊಗದಿಂದ, “ನೋಡಿದಿರೇನ್ರಿ ಸಾಹೇಬ್ರ? ಬರೀ ಆಟದ ಸಾಮಾನು,” ಎಂದರು.

ಸಾಹೇಬರು ಎದ್ದು ಕಟ್ಟೆ ಹತ್ತಿ ಗೋಡೆಯ ಮುಂದೆ ನಿಂತರು. ಹೊಸ ಸುಣ್ಣದ ಬಿಳಿಯ ಮೇಲೆ ಎರೆಮಣ್ಣಿನ ಕರಿಯ ಕಲೆ ಎದ್ದು ಕಾಣುತ್ತಿತ್ತು. ಒಂದೇ ಕಲೆ.

“ಎಷ್ಟ ಒಗದ್ರಿ ಬಾಯಿ?” ಎಂದು ಕಾಶೆವ್ವನನ್ನು ಕೇಳಿದರು.

“ಮೂರು ಒಗದ್ನಿರಿ.”

“ಗೋಡಿ ಮ್ಯಾಲೆ ಒಂದ ಐತಲ್ಲ?” ಸಾಹೇಬರು ಕಲೆಯ ಮೇಲೆ ಅಂಗೈ ಇಟ್ಟರು. ಪೂರ್ತಿ ಮುಚ್ಚಿತು. ಗಡಿಗೆಯ ಅಂಚಿನಿಂದ ಕಲೆಯತನಕ ಗೇಣು ಹಾಕಿ ಅಳೆದರು. ಸರಿಯಾಗಿ ಒಂದು ಗೇಣು. “ಗುರಿ ತಪ್ಪಿದವರು ಹಿಂಗ ತಪ್ಪೂದಿಲ್ಲ. ನನಗ ಮೋಸಾ ಮಾಡಾಕತ್ತೀರೇನು?”

ಗೌಡರ ರುಮಾಲು ಹಣೆಯ ಬೆವರಿಗೆ ತೊಯ್ದಿತು. ಊರಿಗೆ ಊರೇ ನೆಲ ನೋಡಿತು. ಮೂವತ್ತು ವರ್ಷ ಗಿಳಿಗೆ ಒಂದು ಗೇಣು ಬಿಟ್ಟು ಹೊಡೆದ ಕೈ, ಗಡಿಗೆಗೂ ಅಷ್ಟೇ ಬಿಟ್ಟಿತ್ತು. ಅಡ್ಡಾದಿಡ್ಡಿ ಒಗೆಯಬೇಕಾಗಿತ್ತು ಅನ್ನುವುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಕಾಶೆವ್ವ ಹೆದರಲಿಲ್ಲ. ಎಂಟು ದಿನ ಓಡಿದ ಸಿಟ್ಟು, ಪಟ್ಟೇವಾಲಾನ ನಗೆಯ ಸಿಟ್ಟು, ಎಲ್ಲವೂ ಕೂಡಿ ಬಂದಿತ್ತು. ಹರಿದ ಗಂಟಲಿನಲ್ಲೇ ಹೇಳಿದಳು.

“ಹೆಂಗ ಬೇಕ ಹಂಗ ಒಗಿಯೂದು ನನಗ ಬರೂದಿಲ್ರಿ ಸಾಹೇಬ್ರ. ನಾ ಕಲತದ್ದ ಇದು. ಹಕ್ಕಿ ಸಾಯಬಾರದು, ತೆನಿ ಉದರಬಾರದು, ಬಾಜೂಕ ಒಂದ ಗೇಣು ಬಿಟ್ಟು ಹೋಗಬೇಕು. ಮೂವತ್ತ ವರ್ಷದಾಗ ಈ ಕವಣಿ ಒಂದ ಗುಬ್ಬಿಗೂ ಬಡದಿಲ್ಲ. ಯಾರಿಗೂ ಬಡೀದಂಥಾದ್ದು ಆಯುಧ ಹೆಂಗ ಆಗತೈತ್ರಿ? ನಂಬಿಕಿ ಇಲ್ಲಂದ್ರ ಹೊಲಕ್ಕ ಬರ್ರಿ. ಗಿಳಿಗೋಳು ಈಗೂ ನನ್ನ ಮಗಳ ರೊಟ್ಟಿ ತಿನ್ನಾಕತ್ತಾವು.”

ಹೊಲ ಚಾವಡಿಯ ಹಿಂದೆಯೇ. ಸಾಹೇಬರು ಹೊರಟರು, ಊರೂ ಹಿಂದೆ ಹೊರಟಿತು. ಜೋಳದ ಮೇಲೆ ಹಸಿರು ಹಿಂಡು ಕೂತಿತ್ತು, ಇಷ್ಟು ಜನ ಬಂದರೂ ಅವಕ್ಕೆ ಪರಿವೆಯಿಲ್ಲ. ಕಾಶೆವ್ವ ಅಟ್ಟ ಹತ್ತಿ ಒಂದು ಗಿಳಿಯ ಕಡೆ ಬೆರಳು ತೋರಿಸಿದಳು. ಚಟ್! ಗುಂಡು ಅದರ ಬಗಲಿನಿಂದ ಹಾಯಿತು, ಆ ಗಿಳಿ ಕಿರುಚಿ ಎದ್ದಿತು, ಅದರ ಹಿಂದೆ ಹಿಂಡಿಗೆ ಹಿಂಡೇ ಎದ್ದು ಹಳ್ಳದಾಚೆ ಹೋಯಿತು. ಗಿಳಿ ಬಿಟ್ಟ ತೆನೆ ಒಂದು ಸಲ ತೂಗಿ ನಿಂತಿತು. ಸಾಹೇಬರು ಅದರ ಹತ್ತಿರ ಹೋಗಿ ನೋಡಿದರು. ಗಿಳಿ ತಿಂದದ್ದು ಬಿಟ್ಟರೆ ಒಂದು ಕಾಳೂ ಕೆಳಗೆ ಬಿದ್ದಿರಲಿಲ್ಲ. ಅವರು ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು.

“ಒಂದ ಮಾತ ಕೇಳ್ತೇನಿ ಬಾಯಿ. ಮನಸ್ಸು ಮಾಡಿದ್ರ ಆ ಗಡಿಗಿ ಒಡೀತಿದ್ರೋ ಇಲ್ಲೋ?”

ಗೌಡರು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದರು. ಹೌದು ಅಂದರೆ ಕವಣೆ ಹೋಯಿತು, ಜೋಳ ಹೋಯಿತು.

“ಅಂಥಾ ಮನಸ್ಸ ಯಾವತ್ತೂ ಮಾಡಿಲ್ರಿ,” ಎಂದಳು ಕಾಶೆವ್ವ. “ಹಂಗಾಗಿ ಗೊತ್ತಿಲ್ಲ.”

ಸಾಹೇಬರು ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡರು. ಆಮೇಲೆ ಗುಮಾಸ್ತನಿಗೆ, “ಕವಣಿ ಎಲ್ಲಾ ಹೊಡದ ಹಾಕ್ರಿ ಯಾದಿಯಾಗಿಂದ. ಹಕ್ಕಿ ಓಡಸೋ ಹಗ್ಗ ಅಂತ ಬರೀರಿ,” ಎಂದು ಕುದುರೆಯ ಕಡೆ ನಡೆದರು.

ಊರಿನ ಹೆಂಗಸರು ಚಾವಡಿಗೆ ಓಡಿ ತಮ್ಮ ತಮ್ಮ ಕವಣೆ ಎತ್ತಿಕೊಂಡರು. ಗಂಡಸರಿಗೆ ಬೇರೆ ಕೆಲಸವಿತ್ತು, ನನ್ನನ್ನು ಬೈಯುವುದು. ಒಬ್ಬ ಹೆಣ್ಣುಮಗಳಿಗೆ ಇದ್ದ ಬಿಗಿ ನಿನಗಿಲ್ಲ ಎಂದರು. ಊರನ್ನೇ ಮುಳುಗಿಸುತ್ತಿದ್ದೆ ಎಂದರು. ಉದ್ದಪ್ಪ ನನ್ನ ಕೈಯನ್ನೇ ಯಾದಿಯಲ್ಲಿ ಬರೆಸಿ ಕಚೇರಿಗೆ ಕಳಿಸಬೇಕಿತ್ತು ಎಂದ. ಅಪ್ಪನ ಬಡಿಗೆ ಗೋಣಿಚೀಲದಲ್ಲಿ ಹಳ್ಳದ ದಾರಿ ಹಿಡಿದಿತ್ತು. ತಲೆ ತಗ್ಗಿಸಿ, ಕಟ್ಟೆಯ ಮೇಲಿದ್ದ ಗಡಿಗೆಯನ್ನಾದರೂ ಮನೆಗೆ ಒಯ್ಯೋಣವೆಂದು ಹೋದೆ.

ಇನ್ನೂ ನಾಲ್ಕು ಹೆಜ್ಜೆ ಇತ್ತು. ಹಿಂದಿನಿಂದ ಚಟ್ ಎಂದಿತು. ನನ್ನ ಕಣ್ಣೆದುರಿಗೇ ಗಡಿಗೆ ಒಡೆದು, ಬರೀ ಬಾಯಿಯ ಬಳೆ ಕಟ್ಟೆಯ ಮೇಲೆ ಗರಗರ ತಿರುಗಿತು.

ತಿರುಗಿ ನೋಡಿದೆ. ಕಾಶೆವ್ವ ಬೇವಿನ ಮರದ ಕೆಳಗೆ, ಅರವತ್ತು ಹೆಜ್ಜೆಯಾಚೆ, ಕವಣೆಯನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. ಬೈಯುತ್ತಿದ್ದವರೆಲ್ಲ ಅವಳ ಕಡೆ ತಿರುಗಿದ್ದರು. ದೂರದಲ್ಲಿ ಹಳ್ಳದ ಆಚೆ ದಂಡೆ ಹತ್ತುತ್ತಿದ್ದ ಕುದುರೆ ತುಸು ನಿಂತಿತು. ಆ ಸದ್ದು ಅಲ್ಲಿಗೆ ಕೇಳದೆ ಇರಲಿಕ್ಕಿಲ್ಲ. ಸಾಹೇಬರು ಹಿಂದಿರುಗಿ ನೋಡಲಿಲ್ಲ. ಟೊಪ್ಪಿಗೆ ಸರಿಮಾಡಿಕೊಂಡು ಕುದುರೆಯನ್ನು ಮುಂದೆ ನಡೆಸಿದರು.

ಕಾಶೆವ್ವ ನಿಧಾನಕ್ಕೆ ನಡೆದು ಬಂದು ನನ್ನ ಎದುರಿಗೆ ನಿಂತಳು, ಆದರೆ ಎಲ್ಲರಿಗೂ ಕೇಳುವಂತೆ ಮಾತಾಡಿದಳು.

“ಯಾಕ ತಲಿ ಬಗ್ಗಸ್ತಿ ದುರ್ಗಪ್ಪಾ? ನಿನ್ನ ಕೈ ತಡೀಲಿಲ್ಲ. ನಂದು ಸಾಹೇಬ್ರು ಹಳ್ಳಾ ದಾಟೂತನಕಾ ತಡೀತು. ಇಬ್ಬರಿಗೂ ಅಷ್ಟ ಫರಕ.”

ಮಾಘ ಮಾಸದಲ್ಲಿ ಬಾಳವ್ವ ಹೆಣ್ಣು ಹಡೆದಳು. ಅವಳ ಬಾಣಂತನದ ರೊಟ್ಟಿಗೆ ಜೋಳ ಸಾಕಾಗಿ ಹಗೇವಿಗೂ ಮಿಕ್ಕಿತು. ಗಡಿಗೆ ಒಡೆದ ಮಾತೆತ್ತಿ ಆ ದಿನದಿಂದ ಊರಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ, ಎರಡು ಗಡಿಗೆ ಕಳೆದುಕೊಂಡ ಇಂದ್ರವ್ವನೊಬ್ಬಳನ್ನು ಬಿಟ್ಟು.